ಲೈಫ್ ಜಾಕೆಟ್ ಆಮೇಲೆ ಕೊಳ್ಳಿ: ರಾತ್ರಿ ನೀರಿನ ಮೇಲೆ ಹಾರುವವರ ಸಾಮಾನುಗಳ ವಿಮರ್ಶೆ

ಸಾಂಬ್ರಾ ನಿಲ್ದಾಣದಲ್ಲಿ ಪೈಲಟ್ ತರಬೇತಿ ಶುರುವಾದ ಮೇಲೆ ಬೆಳಗಾವಿಯಲ್ಲೂ ಈ ಸಾಮಾನುಗಳನ್ನು ಕೇಳುವವರು ಹುಟ್ಟಿಕೊಂಡಿದ್ದಾರೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ತಾಸಿನ ಹಾರಾಟ ಬೇಕು. ಅದರಲ್ಲಿ 5 ತಾಸು ರಾತ್ರಿಯದು, ತಾನೇ ಕಮಾಂಡ್‌ನಲ್ಲಿದ್ದು 10 ಟೇಕಾಫ್, 10 ಲ್ಯಾಂಡಿಂಗ್ ಮಾಡಿರಬೇಕು. ಆ 5 ತಾಸು ಹತ್ತಿರ ಬಂದ ಕೂಡಲೇ ವಿದ್ಯಾರ್ಥಿಗಳು ಹುಡುಕುವ ಮೊದಲ ಸಾಮಾನು ಲೈಫ್ ಜಾಕೆಟ್. ಭಯಕ್ಕೆ ಕಾರಣ ಇಲ್ಲವೆಂದಲ್ಲ. ಉತ್ತರಕ್ಕೆ ಹಿಡಕಲ್, ಪೂರ್ವಕ್ಕೆ ನವಿಲುತೀರ್ಥ, ಇನ್ನೂ ಆಚೆ ಆಲಮಟ್ಟಿಯ ಹಿನ್ನೀರು. ಪಶ್ಚಿಮಕ್ಕೆ ಘಟ್ಟ ದಾಟಿದರೆ ನೇರ ರೇಖೆಯಲ್ಲಿ ಸುಮಾರು 95-100 ಕಿ.ಮೀ.ಗೆ ಅರಬ್ಬಿ ಸಮುದ್ರ. ತರಬೇತಿಗೆ ಬಳಸುವ ಒಂಟಿ ಇಂಜಿನ್ನಿನ ಸಣ್ಣ ವಿಮಾನ ಸೆಸ್ನಾ 172ಕ್ಕೆ ಅದು ಅರ್ಧ ತಾಸಿನ ದಾರಿ.

ಆದರೂ ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಈ ಚೀಲದಲ್ಲಿ ಜಾಕೆಟ್‌ಗೆ ಮೂರನೆಯದೋ ನಾಲ್ಕನೆಯದೋ ಸ್ಥಾನ. ರಾತ್ರಿ ನೀರಿನ ಮೇಲೆ ಸಣ್ಣ ವಿಮಾನದವರನ್ನು ಮೊದಲು ಕೊಲ್ಲುವುದು ನೀರಲ್ಲ, ದಿಗಂತ ಕಾಣದಿರುವುದು. ವಿಮಾನ ನೆಟ್ಟಗಿದೆ ಎಂದು ನಂಬಿಕೊಂಡೇ ಗಂಟೆಗೆ ಇನ್ನೂರು, ಮುನ್ನೂರು ಕಿ.ಮೀ. ವೇಗದಲ್ಲಿ ನೀರಿಗೆ ಬಡಿದವರಿಗೆ ಜಾಕೆಟ್ಟಿನ ಹಗ್ಗ ಎಳೆಯುವ ಸಮಯವೇ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಸಾಮಾನುಗಳನ್ನು ನೋಡಿರುವುದು ಅಪಾಯ ಬರುವ ಅನುಕ್ರಮದಲ್ಲಿ. ಅಂಗಡಿಯವರ ಪಟ್ಟಿಯ ಅನುಕ್ರಮ ಬೇರೆಯೇ ಇರುತ್ತದೆ.

ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ಅವುಗಳೊಳಗಿನ ದ್ರವ ಅಲುಗಿದಾಗ ತಿರುಗುತ್ತಿದ್ದೇವೆ ಎಂದು ಮಿದುಳಿಗೆ ಗೊತ್ತಾಗುತ್ತದೆ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಆ ದ್ರವ ಏನನ್ನೂ ಹೇಳುವುದಿಲ್ಲ. ಒಂದೇ ವೇಗದ ತಿರುವಿನಲ್ಲಿ 15-20 ಸೆಕೆಂಡು ಕಳೆದರೆ ದ್ರವವೂ ನಾಳದ ಜೊತೆಗೇ ತಿರುಗಲು ಹತ್ತಿ, ತಿರುವು ನಿಂತಿದೆ ಅನಿಸುತ್ತದೆ. ಹಗಲಲ್ಲಿ ಈ ತಪ್ಪನ್ನು ಕಣ್ಣು ಸರಿಪಡಿಸುತ್ತದೆ. ಅಮಾವಾಸ್ಯೆ ಕಡೆಯ ರಾತ್ರಿ ಸಮುದ್ರದ ಮೇಲೆ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕಾಣುವುದೂ ಮೋಸವೇ: ಮೀನುಗಾರರ ದೋಣಿಗಳ ದೀಪ ನಕ್ಷತ್ರದಂತೆ ಕಂಡರೆ ಆಕಾಶ ಕೆಳಗಿಳಿದಂತೆ ಅನಿಸುತ್ತದೆ, ದಡದ ದೀಪಗಳ ಸಾಲು ಓರೆಯಾಗಿದ್ದರೆ ಅದನ್ನೇ ದಿಗಂತ ಎಂದುಕೊಂಡು ವಿಮಾನವನ್ನೂ ಓರೆ ಮಾಡುತ್ತೇವೆ. ವಾಲಿದ ವಿಮಾನ ಮೂಗು ತಗ್ಗಿಸುತ್ತದೆ, ಎತ್ತರ ಇಳಿಯುತ್ತದೆ. ನೆಟ್ಟಗಿದ್ದೇವೆ ಎಂಬ ನಂಬಿಕೆಯಲ್ಲೇ ಪೈಲಟ್ ಯೋಕ್ (ವಿಮಾನದ ಸ್ಟಿಯರಿಂಗ್) ಹಿಂದಕ್ಕೆ ಎಳೆದಾಗ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನು ಹೊರಗಿನ ನೋಟ ಕಾಣದ ಸ್ಥಿತಿಗೆ ತಳ್ಳಿ ಪರೀಕ್ಷೆ ಮಾಡಿದಾಗ, ಹಿಡಿತ ತಪ್ಪಲು ಸರಾಸರಿ ಹಿಡಿದದ್ದು 178 ಸೆಕೆಂಡು. ಮೂರು ನಿಮಿಷವೂ ಅಲ್ಲ.

ದೊಡ್ಡ ವಿಮಾನದವರನ್ನೂ ಇದು ಬಿಟ್ಟಿಲ್ಲ. 1978ರ ಜನವರಿ 1ರ ರಾತ್ರಿ ಮುಂಬೈಯಿಂದ ಹೊರಟ ಏರ್ ಇಂಡಿಯಾದ 855ನೇ ಹಾರಾಟ, ಬೋಯಿಂಗ್ 747, ಬಾಂದ್ರಾ ಎದುರಿನ ಕಡಲಿಗೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ ಎದುರಿನ ಆಟಿಟ್ಯೂಡ್ ಸೂಚಕ, ಅಂದರೆ ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕೃತಕ ದಿಗಂತ, ಬಲಕ್ಕೆ ವಾಲಿದಂತೆ ತೋರಿಸುತ್ತಲೇ ಉಳಿದಿತ್ತು. ಅದನ್ನು ಸರಿಮಾಡಲು ಎಡಕ್ಕೆ ತಿರುಗಿಸುತ್ತ ಹೋದರು. ಹೊರಗೆ ನೋಡಿ ತಾಳೆ ಹಾಕೋಣವೆಂದರೆ ಕಪ್ಪು ಸಮುದ್ರ. ಸಣ್ಣ ವಿಮಾನದ ಪೈಕಿ ಎಲ್ಲರಿಗೂ ಗೊತ್ತಿರುವುದು 1999ರ ಜುಲೈ 16ರ ರಾತ್ರಿ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಬಳಿ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸಾರಟೋಗಾ. ಮಬ್ಬು ಕವಿದಿತ್ತು, ಅವರಿಗೆ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಇನ್‌ಸ್ಟ್ರುಮೆಂಟ್ ರೇಟಿಂಗ್, ಇರಲಿಲ್ಲ. ಕೊನೆಯಲ್ಲಿ ವಿಮಾನ ನಿಮಿಷಕ್ಕೆ 4,700 ಅಡಿಗಿಂತ ಹೆಚ್ಚಿನ ವೇಗದಲ್ಲಿ ಇಳಿಯುತ್ತಿತ್ತು. ತನಿಖೆಯವರು ಕಾರಣವಾಗಿ ಬರೆದದ್ದು ದಿಕ್ಕುಗೆಟ್ಟ ಪೈಲಟ್ ವಿಮಾನದ ಹಿಡಿತ ಕಳೆದುಕೊಂಡದ್ದನ್ನು.

ಸಾಂಬ್ರಾದಲ್ಲೇ ಇದರ ಸಣ್ಣ ರೂಪ ಸಿಗುತ್ತದೆ, ನೀರೇ ಬೇಕೆಂದಿಲ್ಲ. ರನ್‌ವೇ 08/26, ಅಂದರೆ ಪೂರ್ವ ಪಶ್ಚಿಮ. ನಗರ ಇರುವುದು ಪಶ್ಚಿಮಕ್ಕೆ. 26ರಿಂದ ಎದ್ದರೆ ಮುಂದೆ ಬೆಳಗಾವಿಯ ದೀಪಗಳು. 08ರಿಂದ ಎದ್ದರೆ ಆ ದೀಪಗಳೆಲ್ಲ ಬೆನ್ನಿಗೆ, ಎದುರಿಗೆ ಕತ್ತಲೆಯ ಹೊಲಗಳು. ಚಕ್ರ ನೆಲ ಬಿಟ್ಟ ಕೂಡಲೇ ಕಣ್ಣು ಒಳಗೆ, ಆಟಿಟ್ಯೂಡ್ ಸೂಚಕದ ಮೇಲೆ ಇರಬೇಕು.

ಹಾಗಾಗಿ ಮೊದಲ ಸಾಮಾನು ಎರಡನೇ ಕೃತಕ ದಿಗಂತ. ಹಳೆಯ ಮಾದರಿಯ 172ರಲ್ಲಿ ಆಟಿಟ್ಯೂಡ್ ಸೂಚಕವೂ ದಿಕ್ಕು ತೋರಿಸುವ ಹೆಡಿಂಗ್ ಸೂಚಕವೂ ಇಂಜಿನ್ ತಿರುಗಿಸುವ ವ್ಯಾಕ್ಯೂಮ್ ಪಂಪಿನ ಮೇಲೆ ನಡೆಯುತ್ತವೆ; ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ಮಾತ್ರ ಕರೆಂಟಿನದು. ಪಂಪ್ ಕೆಟ್ಟರೆ ಸೂಚಕ ತಟ್ಟನೆ ಬೀಳುವುದಿಲ್ಲ. ಸೂಚಕದೊಳಗೆ ಗಿರ್ರನೆ ತಿರುಗುವ ಜೈರೋದ ವೇಗ ಇಳಿಯುತ್ತ ನಿಮಿಷಗಟ್ಟಲೆ ಮೆಲ್ಲಗೆ ವಾಲುತ್ತದೆ. ಅದು ವಾಲಿದ ಹಾಗೆಲ್ಲ ಪೈಲಟ್ಟೂ ವಿಮಾನವನ್ನು ವಾಲಿಸುತ್ತಾನೆ. ಪೂರ್ತಿ ಸತ್ತ ಉಪಕರಣಕ್ಕಿಂತ ಅರ್ಧ ಸತ್ತದ್ದು ಅಪಾಯ.

ವಿಮಾನದ ಒಡೆಯರು ನೀವೇ ಆಗಿದ್ದರೆ, ಅಥವಾ ಕ್ಲಬ್ಬಿನ ಸಮಿತಿಯಲ್ಲಿ ಮಾತು ನಡೆಯುವುದಿದ್ದರೆ, ಗಾರ್ಮಿನ್ ಜಿ5 ಎಂಬ ಎಲೆಕ್ಟ್ರಾನಿಕ್ ಸೂಚಕ ಕೂರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. 3⅛ ಅಂಗುಲದ ಹಳೆಯ ದುಂಡು ರಂಧ್ರದಲ್ಲೇ ಕೂಡುತ್ತದೆ, ವ್ಯಾಕ್ಯೂಮ್ ಬೇಕಿಲ್ಲ, ಸ್ವಂತ ಬ್ಯಾಟರಿ ಇದೆ. ಆಲ್ಟರ್ನೇಟರ್ ಹೋದರೂ 4 ತಾಸಿನವರೆಗೆ ನಡೆಯುತ್ತದೆ ಎಂದು ಕಂಪನಿಯ ಲೆಕ್ಕ. ಎತ್ತರ, ವೇಗ, ಏರಿಳಿತ ಒಂದೇ ಪರದೆಯಲ್ಲಿ. ಪರದೆ ಸಣ್ಣದು, ಅಂಕಿಗಳು ಒತ್ತೊತ್ತಾಗಿವೆ ಎಂಬುದೊಂದು ಕೊರತೆ. ದೊಡ್ಡ ಸೂಚಕಕ್ಕೆ ಒಗ್ಗಿದ ಕಣ್ಣಿಗೆ ಅಭ್ಯಾಸ ಬೇಕು. ಅನುಮೋದಿತ ವರ್ಕ್‌ಶಾಪಿನಲ್ಲಿ ದಾಖಲೆ ಸಮೇತ ಕೂರಿಸಬೇಕಾದ ಸಾಮಾನು ಇದು, ವಿದ್ಯಾರ್ಥಿ ಶಾಲೆಯ ವಿಮಾನಕ್ಕೆ ಕೂರಿಸುವಂಥದ್ದಲ್ಲ. ಜಿ1000, ಅಂದರೆ ದೊಡ್ಡ ಪರದೆಯ ಉಪಕರಣ ಫಲಕ, ಇರುವ 172 ಆದರೆ ಮೀಸಲು ಆಟಿಟ್ಯೂಡ್ ಸೂಚಕ ಆಗಲೇ ಇದೆ. ದೊಡ್ಡ ಪರದೆಯನ್ನು ಪೂರ್ತಿ ಕತ್ತಲೆ ಮಾಡಿ, ಶಿಕ್ಷಕರ ಜೊತೆ, ಅದೊಂದನ್ನೇ ನೋಡಿ ಹಾರಿಸಿ ಅಭ್ಯಾಸ ಮಾಡಿ. ಇದಕ್ಕೆ ಖರ್ಚಿಲ್ಲ.

ಐಪ್ಯಾಡ್ ಜೊತೆ ಬಳಸುವ ಸೆಂಟ್ರಿ ತರಹದ ಪೆಟ್ಟಿಗೆಗಳನ್ನು ಅಮೆರಿಕದ ಪೈಲಟ್‌ಗಳು ಹೊಗಳುತ್ತಾರೆ, ಅವರ ಮಟ್ಟಿಗೆ ಸರಿ. ಅಲ್ಲಿ ನೆಲದ ಕೇಂದ್ರಗಳು ಹವಾಮಾನವನ್ನು ಪುಕ್ಕಟೆ ಬಿತ್ತರಿಸುತ್ತವೆ. ನಮ್ಮಲ್ಲಿ ಆ ಸೇವೆ ಇಲ್ಲ. ಅಂದರೆ ಕೊಟ್ಟ ದುಡ್ಡಿನ ಅರ್ಧ ಸಾಂಬ್ರಾದಲ್ಲಿ ನಿದ್ದೆ ಹೊಡೆಯುತ್ತದೆ. ಉಳಿಯುವುದು ಜಿಪಿಎಸ್, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ, ಒಳಗಿನ ಜೈರೋ. ಆ ಜೈರೋ ಆಟಿಟ್ಯೂಡ್ ತೋರಿಸುತ್ತದೆ ನಿಜ, ಆದರೆ ಪೆಟ್ಟಿಗೆಯನ್ನು ಗಾಜಿಗೆ ಅಂಟಿಸುವ ಹೀರುಬಟ್ಟಲು ಒಂದಿಷ್ಟು ಜಾರಿದರೂ ದಿಗಂತ ಜಾರುತ್ತದೆ. ಮೂರನೇ ಆಸರೆಯಾಗಿ ಆದೀತು, ಅಷ್ಟೇ.

ಫೋನಿನಲ್ಲಿ ಪುಕ್ಕಟೆ ಸಿಗುವ ದಿಗಂತದ ಆ್ಯಪ್‌ಗಳಿಗೆ ಮಾತ್ರ ಸೊನ್ನೆ ಅಂಕ. ಅವುಗಳಲ್ಲಿ ಹಲವು ‘ಕೆಳಗೆ’ ಯಾವುದು ಎಂದು ತಿಳಿಯುವುದು ಭಾರ ಯಾವ ಕಡೆ ಎಳೆಯುತ್ತಿದೆ ಎಂಬುದರಿಂದ. ಸರಿಯಾಗಿ ತಿರುಗುತ್ತಿರುವ ವಿಮಾನದಲ್ಲಿ ಭಾರ ಎಳೆಯುವುದು ಯಾವಾಗಲೂ ಸೀಟಿನ ಕಡೆಗೇ. ಆದ್ದರಿಂದ 30 ಡಿಗ್ರಿ ವಾಲಿ ಸುರುಳಿ ಇಳಿಯುವಾಗಲೂ ಇಂಥ ಆ್ಯಪ್ ರೆಕ್ಕೆ ನೆಟ್ಟಗಿದೆ ಎಂದೇ ತೋರಿಸಬಹುದು. ಒಳಗಿವಿ ಹೇಳುವ ಸುಳ್ಳಿಗೆ ಇದು ಇನ್ನೊಂದು ಸಾಕ್ಷಿ.

ಈ ಗುಂಪಿನಲ್ಲಿ ಕೊಟ್ಟ ದುಡ್ಡಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಉಪಕರಣದ ಮುಖ ಮುಚ್ಚುವ ರಬ್ಬರ್ ಬಿಲ್ಲೆ. ಕೆಟ್ಟ ಸೂಚಕ ಕಣ್ಣೆದುರು ಇರುವವರೆಗೂ ಕಣ್ಣು ಅಲ್ಲಿಗೇ ಹೋಗುತ್ತದೆ, ಗೊತ್ತಿದ್ದರೂ ಹೋಗುತ್ತದೆ. ಮುಚ್ಚಿಬಿಟ್ಟರೆ ಟರ್ನ್ ಕೋಆರ್ಡಿನೇಟರ್, ವೇಗ, ಎತ್ತರ, ಏರಿಳಿತದ ಸೂಚಕಗಳ ಮೇಲೆ ಗಮನ ನಿಲ್ಲುತ್ತದೆ. ಬಿಲ್ಲೆಗಳು ಸಿಗದಿದ್ದರೆ ಸ್ಟೇಷನರಿ ಅಂಗಡಿಯ ಅಂಟುಚೀಟಿ ಸಾಕು. ನಾಲ್ಕು ಚೀಟಿ ತೊಡೆಗೆ ಕಟ್ಟಿಕೊಳ್ಳುವ ಬರಹದ ಹಲಗೆಯ (ನೀಬೋರ್ಡ್) ಅಂಚಿಗೆ ಅಂಟಿಸಿಟ್ಟಿರಿ.

ಎರಡನೆಯದು ಬೆಳಕು. ಹೆಡ್‌ಲ್ಯಾಂಪ್ ಕೊಳ್ಳುವಾಗ ಎಲ್ಲರೂ ಲ್ಯುಮೆನ್ ನೋಡುತ್ತಾರೆ. ನೋಡಬೇಕಾದ್ದು ಸ್ವಿಚ್. ಅಗ್ಗದ ದೀಪಗಳಲ್ಲಿ ಒಂದೇ ಗುಂಡಿ: ಒಂದು ಒತ್ತಿದರೆ ಜೋರು ಬಿಳಿ, ಎರಡು ಒತ್ತಿದರೆ ಮಂದ ಬಿಳಿ, ಮೂರಕ್ಕೆ ಮಿಣುಕು, ನಾಲ್ಕಕ್ಕೆ ಕೆಂಪು. ಕೆಂಪಿಗೆ ಹೋಗುವಷ್ಟರಲ್ಲಿ ಕಣ್ಣಿಗೆ ಬಿಳಿ ಬೆಳಕು ಬಡಿದು ಆಗಿರುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು, ಕೆಡಲು ಒಂದು ಸೆಕೆಂಡು ಸಾಕು. ಕೆಂಪಿಗೆ ಬೇರೆಯೇ ಗುಂಡಿ ಇರುವುದು, ಇಲ್ಲವೇ ಕೊನೆಗೆ ಬಳಸಿದ ಬಣ್ಣದಲ್ಲೇ ಹೊತ್ತಿಕೊಳ್ಳುವುದು ಬೇಕು. ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಮತ್ತು ಮೆಜೆಂಟಾ ಗೆರೆಗಳು ಮಾಯವಾಗುತ್ತವೆ ಎಂಬುದೂ ನೆನಪಿರಲಿ. ನಿರ್ಬಂಧಿತ ವಾಯುಪ್ರದೇಶದ ಗಡಿಗಳನ್ನು ಹೊರಡುವ ಮುಂಚೆ ಕಪ್ಪು ಪೆನ್ನಿನಿಂದ ತಿದ್ದಿಕೊಳ್ಳಿ, ಅಥವಾ ಮಂದ ಬಿಳಿ ಇರುವ ಇನ್ನೊಂದು ಟಾರ್ಚ್ ಇಟ್ಟುಕೊಳ್ಳಿ. ಎರಡನೇ ಟಾರ್ಚ್ ಕುತ್ತಿಗೆಗೆ ದಾರದಲ್ಲಿ ತೂಗಿರಬೇಕು. ವಿಮಾನದೊಳಗೆ ಕೈಜಾರಿ ಬಿದ್ದ ಟಾರ್ಚ್ ಪೆಡಲ್ ಕೆಳಗೆ ಸೇರಿಕೊಂಡರೆ ಅದೇ ಬೇರೆ ಅಪಾಯ. ಸೆಲ್ ವಿಷಯದಲ್ಲಿ ನಮ್ಮ ಮತ ಎಎಎ ಹಾಕುವ ದೀಪಕ್ಕೇ. ಚಾರ್ಜ್ ಮರೆತರೂ ಕಿರಾಣಿ ಅಂಗಡಿಯಲ್ಲಿ ಸೆಲ್ ಸಿಗುತ್ತದೆ.

ಪಲ್ಸ್ ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಸಾಂಬ್ರಾದ ನೆಲವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ರಾತ್ರಿಯ ದೃಷ್ಟಿ 5,000 ಅಡಿಯಿಂದಲೇ ಮಂಕಾಗತೊಡಗುತ್ತದೆ, ಸಿಗರೇಟು ಸೇದುವವರಿಗೆ ಇನ್ನೂ ಮುಂಚೆ. ಮನೆಯಲ್ಲಿ ಕೋವಿಡ್ ಕಾಲದ ಆಕ್ಸಿಮೀಟರ್ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಹೊಸದು ಕೊಳ್ಳುವ ಅಗತ್ಯವಿಲ್ಲ.

ಇನ್ನು ಜಾಕೆಟ್. ಅದಕ್ಕೂ ಮೊದಲು ಒಂದು ಲೆಕ್ಕ. ಇಂಜಿನ್ ನಿಂತ 172 ಎಸ್ ವಿಮಾನ 68 ನಾಟ್ ವೇಗದಲ್ಲಿ, ಗಾಳಿ ಇಲ್ಲದಿದ್ದರೆ, ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲು ಜಾರುತ್ತದೆ. ನೀರಿನಿಂದ 6,000 ಅಡಿ ಮೇಲಿದ್ದರೆ 9 ನಾಟಿಕಲ್ ಮೈಲು, ಅಂದರೆ ಸುಮಾರು 17 ಕಿ.ಮೀ. ಹಿಡಕಲ್ ಮೇಲಾಗಲಿ ನವಿಲುತೀರ್ಥದ ಮೇಲಾಗಲಿ ಎತ್ತರ ಇಟ್ಟುಕೊಂಡರೆ ದಡ ಮುಟ್ಟದ ಜಾಗವೇ ಇಲ್ಲ. ಕಷ್ಟ ಇರುವುದು ಆ ದಡ ಕಾಣದಿರುವುದರಲ್ಲಿ. 2023ರಲ್ಲಿ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿದಾಗ ಒಳಗಿದ್ದ ಇಬ್ಬರೂ ಬದುಕಿದರು. ಹಗಲಾಗಿತ್ತು, ಹೊಲ ಕಂಡಿತು. ರಾತ್ರಿ ಕಲ್ಲುಬಂಡೆಯ ಏರು ಯಾವುದು, ಉತ್ತ ಹೊಲ ಯಾವುದು ಎಂದು ಮೇಲಿನಿಂದ ಹೇಳಲಾಗದು. ಹಿಡಕಲ್ಲಿನ ನೀರು ಬೇಸಿಗೆಯಲ್ಲಿ ಮುಳುಗಿದ ವಿಠ್ಠಲ ಗುಡಿ ಹೊರಬರುವಷ್ಟು ಇಳಿಯುತ್ತದೆ. ಮಳೆಗಾಲದ ನಕ್ಷೆಯ ದಡಕ್ಕೂ ಏಪ್ರಿಲ್ ದಡಕ್ಕೂ ತಾಳೆಯಿಲ್ಲ. ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಮೀನುಬಲೆ, ಮುಳುಗಡೆಯ ಹಳೆಯ ಕಟ್ಟಡಗಳ ಅವಶೇಷ ಬೇರೆ.

ಜಾಕೆಟ್ ನಿಜಕ್ಕೂ ಕೆಲಸಕ್ಕೆ ಬರುವುದು ಗೋವಾ ಕಡಲಿನ ಮೇಲೆ. ದಡಕ್ಕೆ ಜಾರಿ ತಲುಪಲಾಗದಷ್ಟು ದೂರ ಹೋಗುವ ಒಂಟಿ ಇಂಜಿನ್ ವಿಮಾನದಲ್ಲಿ ತಲೆಗೊಂದು ಜಾಕೆಟ್ ಇರಲೇಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಇನ್ನೊಂದು ನಿಯಮವನ್ನೂ ಇಲ್ಲೇ ಹೇಳಿಬಿಡೋಣ: ನಮ್ಮ ದೇಶದಲ್ಲಿ ರಾತ್ರಿ ವಿಎಫ್‌ಆರ್, ಅಂದರೆ ಹೊರಗೆ ಕಣ್ಣಿಟ್ಟು ನಡೆಸುವ, ಹಾರಾಟಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ, ಸ್ಥಳೀಯ ಮತ್ತು ತರಬೇತಿ ಹಾರಾಟಗಳಿಗೆ ವಿಮಾನ ಸಂಚಾರ ನಿಯಂತ್ರಣದವರು (ಎಟಿಸಿ) ವಿನಾಯಿತಿ ಕೊಡುತ್ತಾರೆ. ಚೀಲ ಎಷ್ಟೇ ತುಂಬಿದ್ದರೂ ಕತ್ತಲಾದ ಮೇಲೆ ಕಡಲ ಕಡೆ ಸುಮ್ಮನೆ ಸುತ್ತಾಡಿ ಬರಲು ಅದು ಪರವಾನಗಿ ಅಲ್ಲ.

ಮಾರುಕಟ್ಟೆಯಲ್ಲಿ ನಾಲ್ಕು ಜಾತಿಯ ಜಾಕೆಟ್‌ಗಳಿವೆ. ಆಟದ ಸಾಮಾನಿನ ಅಂಗಡಿಯ ಫೋಮ್ ಜಾಕೆಟ್ ಬೇಡವೇ ಬೇಡ. ದಪ್ಪ ಇರುವುದರಿಂದ ಯೋಕ್ ಹಿಂದಕ್ಕೆ ಬರುವಾಗ ಎದೆಗೆ ತಾಗುತ್ತದೆ. ಅದಕ್ಕಿಂತ ಮುಖ್ಯ, ಅದು ಯಾವಾಗಲೂ ತೇಲುತ್ತದೆ. ವಿಮಾನ ಮಗುಚಿ ನೀರು ತುಂಬಿದಾಗ ತೇಲುವ ಜಾಕೆಟ್ ನಿಮ್ಮನ್ನು ಮೇಲಾದ ಕಡೆಗೆ, ಅಂದರೆ ವಿಮಾನದ ನೆಲದ ಕಡೆಗೆ, ಒತ್ತಿ ಹಿಡಿಯುತ್ತದೆ. ಬಾಗಿಲು ಇರುವುದು ಅದಕ್ಕಿಂತ ಕೆಳಗೆ. ಹಾಯಿದೋಣಿಯವರು ಹಾಕುವ, ನೀರು ತಾಗಿದ ಕೂಡಲೇ ತಾನಾಗಿ ಉಬ್ಬುವ ಜಾಕೆಟ್‌ಗೂ ಇದೇ ದೋಷ. ದೋಣಿಯಿಂದ ಬಿದ್ದವನಿಗೆ ವರವಾದದ್ದು ಕ್ಯಾಬಿನ್ನಿನಲ್ಲಿ ಸಿಕ್ಕಿದವನಿಗೆ ಶಾಪ. ಅದರೊಳಗೆ ನೀರಿಗೆ ಕರಗುವ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದು ಕರಗಿದರೆ ಸೂಜಿ ಸಿಲಿಂಡರಿಗೆ ಚುಚ್ಚುತ್ತದೆ. ಜುಲೈ ತಿಂಗಳ ಬೆಳಗಾವಿಯ ತೇವದಲ್ಲಿ ಆ ಬಿಲ್ಲೆ ಕಪಾಟಿನೊಳಗೇ ಮೆತ್ತಗಾಗಿ ಜಾಕೆಟ್ ಬಟ್ಟೆಗಳ ನಡುವೆ ಉಬ್ಬಿಕೊಂಡರೆ ಆಶ್ಚರ್ಯವಿಲ್ಲ. ಮೂರನೆಯದು ಏರ್‌ಲೈನ್ ಸೀಟಿನಡಿಯ ಹಳದಿ ಪೊಟ್ಟಣ. ಪ್ಲಾಸ್ಟಿಕ್ ಹರಿದು, ಬಿಡಿಸಿ, ತಲೆಗೆ ಹಾಕಿ, ಸೊಂಟಕ್ಕೆ ಕಟ್ಟುವ ಕೆಲಸವನ್ನು ರಾತ್ರಿ, ಒಂದು ಕೈಯಲ್ಲಿ ಯೋಕ್ ಹಿಡಿದು, 172ರ ಇಕ್ಕಟ್ಟಿನಲ್ಲಿ ಮಾಡಿ ನೋಡಿ. ಆಗುವುದಿಲ್ಲ.

ಕೊಳ್ಳಬೇಕಾದದ್ದು ಸದಾ ಹಾಕಿಕೊಂಡೇ ಇರುವ, ಕೈಯಿಂದ ಹಗ್ಗ ಎಳೆದರೆ ಮಾತ್ರ ಉಬ್ಬುವ ನಮೂನೆ. ವಿಮಾನಕ್ಕೆಂದೇ ಮಾಡಿದ್ದಾದರೆ ಅಮೆರಿಕದ ವಿಮಾನಯಾನ ಮಾನದಂಡವಾದ ಟಿಎಸ್‌ಒ ಸಿ13 ಗುರುತು ನೋಡಿ. ದೊಡ್ಡವರದ್ದು 35 ಪೌಂಡ್ ಎತ್ತುತ್ತದೆ. ಕಡಲಿನವರ 150 ನ್ಯೂಟನ್ ಜಾಕೆಟ್ಟೂ ಸುಮಾರು ಅಷ್ಟೇ ಎತ್ತುತ್ತದೆ, 33 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕುತ್ತಾರೆ. ಬಟ್ಟೆ ಗಟ್ಟಿ, ದಿನಾ ಹಾಕಿ ತೆಗೆಯಲು ಅದೇ ವಾಸಿ. ಆದರೆ ‘ಮ್ಯಾನುಯಲ್’ ಎಂದು ಬರೆದದ್ದನ್ನೇ ತರಿಸಿ. ತೊಡೆಸಂದಿಯ ಪಟ್ಟಿ ಇಲ್ಲದ ಜಾಕೆಟ್‌ಗೆ ನಮ್ಮ ಅಂಕ ಅರ್ಧಕ್ಕೆ ಇಳಿಯುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಉಬ್ಬಿದ ಜಾಕೆಟ್ ಮೇಲಕ್ಕೆ ಸರಿದು ಗದ್ದಕ್ಕೆ ಬಡಿಯುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಮುಖಕ್ಕೆ ಅಲೆ ಹೊಡೆಯದಂತೆ ಪಾರದರ್ಶಕ ಟೋಪಿ, ಹೊಳೆಯುವ ಪಟ್ಟಿ, ಪೀಪಿ, ನೀರು ತಾಗಿದರೆ ಹೊತ್ತಿ 8 ತಾಸು ಉರಿಯುವ ದೀಪ, ಇಷ್ಟೂ ಬೇಕು. ರಾತ್ರಿ ದೀಪವಿಲ್ಲದ ತಲೆಯೊಂದು ಸಮುದ್ರದಲ್ಲಿ ಹೆಲಿಕಾಪ್ಟರಿನಿಂದ ಕಾಣುವುದಿಲ್ಲ.

ಮನೆಗೆ ಬಂದ ದಿನವೇ ಮಾಡಬೇಕಾದ ಪರೀಕ್ಷೆ ಹೀಗೆ. ಸಿಲಿಂಡರ್ ತಿರುಗಿಸಿ ಬಿಚ್ಚಿ. ಕುತ್ತಿಗೆಯಲ್ಲಿ ತೂತು ಬಿದ್ದಿದೆಯೇ, ತುಕ್ಕಿದೆಯೇ ನೋಡಿ. ಮೈಮೇಲೆ ಕನಿಷ್ಠ ತೂಕ ಅಚ್ಚಾಗಿರುತ್ತದೆ. ಅಡುಗೆಮನೆಯ ತಕ್ಕಡಿ ಸಾಲದು, ಖಡೇಬಜಾರದ ಯಾವುದಾದರೂ ಬಂಗಾರದ ಅಂಗಡಿಯಲ್ಲಿ ತೂಗಿಸಿ. ಅಚ್ಚಿನಲ್ಲಿದ್ದದ್ದಕ್ಕಿಂತ ಎರಡು ಗ್ರಾಂ ಕಡಿಮೆ ಬಂದರೂ ಬದಲಾಯಿಸಿ, ಅನಿಲ ಸೋರಿದೆ. ಆಮೇಲೆ ಬಾಯಿಕೊಳವೆಯಿಂದ ಊದಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೆತ್ತಗಾಗಿದ್ದರೆ ವಾಪಸ್ ಕಳಿಸಿ. ಗಾಳಿ ತೆಗೆಯುವಾಗ ಕೊಳವೆಯ ಮುಚ್ಚಳವನ್ನೇ ತಲೆಕೆಳಗೆ ಒತ್ತಿದರೆ ಕವಾಟ ತೆರೆಯುತ್ತದೆ. ಪೆನ್ನು, ಕಡ್ಡಿ ತೂರಿಸಿದರೆ ಕವಾಟ ಹಾಳು. ಮಡಚುವಾಗ ಹಗ್ಗದ ತುದಿ ಹೊರಗೆ ಉಳಿಯಬೇಕು, ಆದರೆ ಸೀಟುಬೆಲ್ಟಿನ ಬಕಲ್ಲಿಗೆ ಸಿಗದಷ್ಟು ಮಾತ್ರ. ಈಜುಕೊಳದಲ್ಲಿ ಒಮ್ಮೆ ಬಟ್ಟೆ, ಬೂಟು ಸಮೇತ ಇಳಿದು ನಿಜವಾಗಿ ಎಳೆದು ನೋಡುವುದಕ್ಕೆ ಒಂದು ಸಿಲಿಂಡರ್ ಖರ್ಚಾದರೂ ಲಾಭವೇ. ಹೊಸ ಸಿಲಿಂಡರ್ ತರಿಸುವಾಗ ಜಾಕೆಟ್ಟಿನ ಮಾದರಿಯದ್ದೇ ರೀಆರ್ಮಿಂಗ್ ಕಿಟ್ ತರಿಸಿ. ಸಿಲಿಂಡರಿನ ತಿರುಪು ಹೊಂದಿಕೊಂಡರೂ ಸೂಜಿಯ ಉದ್ದ ಬೇರೆ ಇರಬಹುದು.

ಜಾಕೆಟ್ಟಿನ ಹಗ್ಗ ಎಳೆಯುವುದು ಪೂರ್ತಿ ಹೊರಬಂದ ಮೇಲೆ. ಅದಕ್ಕೂ ಮುಂಚಿನ ಕೆಲಸ ಸೆಸ್ನಾ ಕೈಪಿಡಿಯಲ್ಲಿದೆ: ಪವರ್ ಇದ್ದರೆ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಪಟ್ಟಿ) 20ರಿಂದ 30 ಡಿಗ್ರಿ, 55 ನಾಟ್, ನಿಮಿಷಕ್ಕೆ 300 ಅಡಿ ಇಳಿತ, ಪವರ್ ಇಲ್ಲದಿದ್ದರೆ ಫ್ಲಾಪ್ ಇಲ್ಲದೆ 65, ಅಥವಾ ಫ್ಲಾಪ್ 10ರಲ್ಲಿ 60. ಬಾಗಿಲ ಚಿಲಕ ತೆಗೆದಿರಬೇಕು. ನೀರಿಗೆ ತಾಗುವ ಮುಂಚೆ ಮೂಗೆತ್ತಿ ಫ್ಲೇರ್ ಮಾಡಬೇಡಿ ಎಂದೂ ಅಲ್ಲಿದೆ, ಏಕೆಂದರೆ ನೀರಿನ ಮೇಲೆ ಎತ್ತರ ಅಳೆಯಲು ಕಣ್ಣಿಗೆ ಬರುವುದಿಲ್ಲ. ಹಗಲಿನ ಮಾತೇ ಅದು. ರಾತ್ರಿ ಇನ್ನೂ ಖರೆ. ಮುಂದಿನ ಚಕ್ರ ನೀರಿಗೆ ಸಿಕ್ಕು ವಿಮಾನ ಮಗುಚುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿದೇ ಕೂರಬೇಕು. ಒಂದು ಕೈ ಬಾಗಿಲ ಹಿಡಿಯ ಮೇಲೆ, ಅಲುಗಾಟ ನಿಲ್ಲುವವರೆಗೆ ಕಾಯುವುದು, ಬಾಗಿಲು ತೆರೆಯುವುದು, ಬೆಲ್ಟ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಬೆಲ್ಟ್ ಮೊದಲು ಬಿಚ್ಚಿದವರು ತಲೆಕೆಳಗಾದ ಕತ್ತಲೆಯಲ್ಲಿ ತೇಲಿಹೋಗಿ ಬಾಗಿಲು ಯಾವ ಕಡೆ ಎಂಬುದನ್ನೇ ಕಳೆದುಕೊಳ್ಳುತ್ತಾರೆ.

ಇದಕ್ಕೆಂದು ಸ್ಪೇರ್ ಏರ್ ಎಂಬ ಪುಟ್ಟ ಉಸಿರಾಟದ ಬಾಟಲಿ ಮಾರುತ್ತಾರೆ, ಸಣ್ಣದರಲ್ಲಿ 1.7 ಘನ ಅಡಿ ಗಾಳಿ, ನೀರಿನ ಮೇಲ್ಮೈಯಲ್ಲಿ ಸುಮಾರು 30 ಉಸಿರು. ಸಾಮಾನು ಒಳ್ಳೆಯದೇ. ತುಂಬಿಸಲು ಸ್ಕೂಬಾ ಕಂಪ್ರೆಸರ್ ಬೇಕು, ಅದು ಬೆಳಗಾವಿಗಿಂತ ಗೋವಾದಲ್ಲಿ ಸುಲಭ. ತರಬೇತಿ ಇಲ್ಲದೆ ಬಳಸಿದರೆ ಕೆಡುಕೂ ಇದೆ: ನೀರಡಿಯಲ್ಲಿ ಎಳೆದ ಒತ್ತಡದ ಗಾಳಿಯನ್ನು ಎದೆಯಲ್ಲಿ ಹಿಡಿದುಕೊಂಡೇ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಆ ದುಡ್ಡನ್ನು ಮುಂಬೈ, ಗೋವಾ ಕಡೆ ಕಡಲ ತೈಲಬಾವಿ ನೌಕರರಿಗೆ ನಡೆಸುವ ಮಗುಚಿದ ಕ್ಯಾಬಿನ್ನಿನ ತರಬೇತಿಗೆ ಹಾಕುವುದು ಮೇಲು. ಬಾಟಲಿ ಆಮೇಲೆ ನೋಡೋಣ.

ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸುವ ಬೀಕನ್ ವಿಷಯದಲ್ಲಿ ಜಿಪುಣತನ ಬೇಡ. ವಿಮಾನದ ಬಾಲದಲ್ಲಿರುವ ಬೀಕನ್, ಇಎಲ್‌ಟಿ, ವಿಮಾನದ ಜೊತೆಗೇ ಮುಳುಗುತ್ತದೆ. 406 ಮೆಗಾಹರ್ಟ್ಸ್ ಅಲೆ ನೀರನ್ನು ದಾಟಿ ಹೊರಗೆ ಬರುವುದಿಲ್ಲ. ಹಳೆಯ 121.5 ಮೆಗಾಹರ್ಟ್ಸ್ ಮಾತ್ರ ಇರುವ ಇಎಲ್‌ಟಿ ಆದರೆ 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಅದನ್ನು ಕೇಳುವುದನ್ನೇ ನಿಲ್ಲಿಸಿವೆ. ಆದ್ದರಿಂದ ಮೈಮೇಲೆ ಇಟ್ಟುಕೊಳ್ಳುವ ಸ್ವಂತ ಬೀಕನ್, ಪಿಎಲ್‌ಬಿ, ಬೇಕು. ಓಷನ್ ಸಿಗ್ನಲ್ ಕಂಪನಿಯ ಪಿಎಲ್‌ಬಿ1 116 ಗ್ರಾಂ, ಜಾಕೆಟ್ಟಿನ ಜೇಬಿಗೆ ಹಿಡಿಯುತ್ತದೆ, ಆದರೆ ಚೀಲವಿಲ್ಲದೆ ತೇಲುವುದಿಲ್ಲ. ಎಸಿಆರ್‌ನವರ ರೆಸ್‌ಕ್ಯೂಲಿಂಕ್ 400 ಸ್ವಲ್ಪ ದಪ್ಪ, ತಾನೇ ತೇಲುತ್ತದೆ. ಎರಡೂ ಒಮ್ಮೆ ಒತ್ತಿದರೆ 24 ತಾಸಿಗೆ ಕಡಿಮೆಯಿಲ್ಲದೆ ಕೂಗುತ್ತವೆ, ಎರಡರಲ್ಲೂ ಮಿಣುಕು ದೀಪ ಇದೆ. ರಾತ್ರಿ ಕೈಜಾರುವುದೇ ಹೆಚ್ಚು ಎಂಬ ಲೆಕ್ಕದಲ್ಲಿ ನಮ್ಮ ಆಯ್ಕೆ ತೇಲುವುದು. ಎರಡರಲ್ಲಿ ಯಾವುದೇ ಆಗಿರಲಿ, ದಾರದಿಂದ ಜಾಕೆಟ್‌ಗೆ ಕಟ್ಟಿರಲೇಬೇಕು, ಆಂಟೆನಾ ಪೂರ್ತಿ ಬಿಚ್ಚಿ ನೀರಿನಿಂದ ಮೇಲೆ, ಆಕಾಶದ ಕಡೆ ನೆಟ್ಟಗೆ ಹಿಡಿದಿರಬೇಕು.

ಇಲ್ಲೊಂದು ಗುಟ್ಟಿನ ತೊಡಕಿದೆ. ಪ್ರತಿ ಬೀಕನ್ನಿನೊಳಗೆ ದೇಶದ ಸಂಕೇತಸಂಖ್ಯೆ ಬರೆದಿರುತ್ತದೆ, ಭಾರತದ್ದು 419. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಟ್ಟ ಬೀಕನ್ನಿನಲ್ಲಿ ಅಲ್ಲಿಯ ಸಂಖ್ಯೆ ಇರುತ್ತದೆ. ಗೋವಾ ಕಡಲಿನಲ್ಲಿ ನೀವು ಒತ್ತಿದ್ದಕ್ಕೆ ಒಡೆಯ ಯಾರೆಂಬ ವಿಚಾರಣೆ ಸಾಗರದಾಚೆಗೆ ಹೋಗುತ್ತದೆ, ಅಲ್ಲಿ ನೋಂದಣಿಯೂ ಇಲ್ಲದಿದ್ದರೆ ವಿಚಾರಿಸುವವರಿಗೆ ನಿಮ್ಮ ಮನೆಯ ನಂಬರೇ ಸಿಗದು. ಕೊಳ್ಳುವಾಗಲೇ 419 ಬರೆಸಿ, ಪರವಾನಗಿಯ ವಿಷಯ ಮಾರಾಟಗಾರರ ಬಳಿ ಬರಹದಲ್ಲಿ ಕೇಳಿ, ಬೆಂಗಳೂರಿನಲ್ಲಿ ಇಸ್ರೋದ ಕೇಂದ್ರವಾದ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ಕಂಟ್ರೋಲ್ ಸೆಂಟರ್‌ನಲ್ಲಿ ನೋಂದಾಯಿಸಿ. ಗಾರ್ಮಿನ್ ಇನ್‌ರೀಚ್ ತರಹದ ಉಪಗ್ರಹ ಸಂದೇಶ ಯಂತ್ರಗಳನ್ನು ಮಾತ್ರ ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ತರಬೇಡಿ. ಇವನ್ನು ಚೀಲದಲ್ಲಿಟ್ಟುಕೊಂಡು ಗೋವಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗರ ಸುದ್ದಿ ಪತ್ರಿಕೆಗಳಲ್ಲೇ ಬಂದಿತ್ತು.

ಬೀಕನ್ ಹೊರತಾಗಿ ನಿಮ್ಮನ್ನು ಹುಡುಕಿಸುವುದು ಹೊರಡುವ ಮುಂಚೆ ಸಲ್ಲಿಸುವ ಫ್ಲೈಟ್ ಪ್ಲಾನ್, ಅದು ಪುಕ್ಕಟೆ. ಬರಬೇಕಾದ ಹೊತ್ತಿಗೆ ಬಾರದೆ 30 ನಿಮಿಷವಾದರೆ ಅನಿಶ್ಚಿತ ಹಂತ ಶುರುವಾಗುತ್ತದೆ, ಅಲ್ಲಿಂದ ಎಚ್ಚರಿಕೆ, ಆಮೇಲೆ ಆಪತ್ತು. ಮನೆಯವರ ಫೋನಿನಲ್ಲಿ ಕೋಸ್ಟ್ ಗಾರ್ಡಿನ ಶೋಧ ಸಂಖ್ಯೆ 1554 ಉಳಿಸಿಟ್ಟಿರಿ. ಕೈಯಲ್ಲಿ ಹಿಡಿಯುವ ರೇಡಿಯೊ ವಿಮಾನದ ಕರೆಂಟ್ ಹೋದಾಗ ಚಲೋ ಆಸರೆ, ಅದಕ್ಕೂ ಪರವಾನಗಿ ಬೇಕು. ರಬ್ಬರ್ ಆಂಟೆನಾ ಕ್ಯಾಬಿನ್ ಒಳಗಿನಿಂದ ದೂರ ಮುಟ್ಟುವುದಿಲ್ಲ, ಹೆಡ್‌ಸೆಟ್ ಅಡಾಪ್ಟರ್ ಇಲ್ಲದಿದ್ದರೆ ಇಂಜಿನ್ ಸದ್ದಿನಲ್ಲಿ ಕೇಳಿಸುವುದೂ ಇಲ್ಲ.

ಗಾಳಿ ತುಂಬುವ ತೆಪ್ಪ, ರಾಫ್ಟ್, ಬೇಕೇ ಎಂದು ಕೇಳುವವರಿದ್ದಾರೆ. ಯುರೋಪಿನ ತಣ್ಣೀರಿನಲ್ಲಿ ಜಾಕೆಟ್ ಒಂದೇ ಸಾಲದು, ದೇಹ ಬೇಗ ಕೊರೆಯುತ್ತದೆ. ಗೋವಾ ಎದುರಿನ ಕಡಲು ವರ್ಷದ ಬಹುಪಾಲು 27-29 ಡಿಗ್ರಿ ಇರುತ್ತದೆ. ಬೆಳಗಿನವರೆಗೆ ಜಾಕೆಟ್ಟಿನಲ್ಲಿ ತೇಲಿರುವುದು ಕಷ್ಟವೇ ಹೊರತು ಅಸಾಧ್ಯವಲ್ಲ. ನಾಲ್ಕು ಜನರ ರಾಫ್ಟಿನ ತೂಕವನ್ನು ಇಬ್ಬರು ಕೂತ, ಟ್ಯಾಂಕ್ ತುಂಬಿದ 172ರ ಹಿಂದಿನ ಸೀಟಿಗೆ ಹಾಕಿದರೆ, ವಿಮಾನ ಮಗುಚಿದ ಮೇಲೆ ಅದನ್ನು ಕತ್ತಲೆಯಲ್ಲಿ ಹೊರಗೆಳೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ದಡದಿಂದ ಜಾರುವ ದೂರ ದಾಟದ ಹಾರಾಟಕ್ಕೆ ಬೇಡ. ಲಕ್ಷದ್ವೀಪದ ಕಡೆ ಹೋಗುವವರಿದ್ದರೆ ಮಾತು ಬೇರೆ. ಅವರಿಗೆ ಒಂಟಿ ಇಂಜಿನ್ನೇ ಬೇಡ ಎನ್ನುತ್ತೇವೆ.